ಬಣ್ಣ ಹಿತ್ತಿಲಲ್ಲಿ ಬೆಳೆಯಲಿ, ತೊಗಟೆ ಮರದ ಮೇಲಿರಲಿ

‘ಸಹಜ’ ಎಂಬ ಶಬ್ದಕ್ಕೆ ಈಗ ಪೇಟೆಯಲ್ಲಿ ಒಳ್ಳೆಯ ಬೆಲೆಯಿದೆ. ಸಹಜ ಸಾಬೂನು, ಸಹಜ ಬೆಲ್ಲ, ಸಹಜ ತೈಲ ಇವುಗಳ ಸಾಲಿಗೆ ಸಹಜ ಬಣ್ಣದ ಬಟ್ಟೆಯೂ ಸೇರಿದೆ. ನಗರದ ಅಂಗಡಿಯಲ್ಲಿ ಅಂಥ ಸೀರೆಯೊಂದರ ಅಂಚಿಗೆ ನೇತುಬಿದ್ದ ಚೀಟಿಯಲ್ಲಿ ಪ್ರಕೃತಿಯ ಗುಣಗಾನವಿರುತ್ತದೆ. ಆದರೆ ಕೇಳಬೇಕಾದ ಪ್ರಶ್ನೆಗೆ ಆ ಚೀಟಿಯಲ್ಲಿ ಉತ್ತರವಿರುವುದಿಲ್ಲ. ಈ ಬಣ್ಣ ಎಲೆಯದೋ, ಹೂವಿನದೋ, ಸಿಪ್ಪೆಯದೋ, ತೊಗಟೆಯದೋ? ತೊಗಟೆಯದಾದರೆ ಯಾವ ಕಾಡಿನದು? ಸುಲಿಸಿಕೊಂಡ ಮರ ಮರುವರ್ಷ ಚಿಗುರಿತೋ ಇಲ್ಲವೋ? ಬಟ್ಟೆ ಕೊಳ್ಳುವವರಿಗೆ ಇದು ತಿಳಿಯುವುದಿಲ್ಲ, ಮಾರುವವರು ಹೇಳುವುದಿಲ್ಲ. ಘಟ್ಟದ ಮೇಲಿನ ಹಳ್ಳಿಗಳು ಮಾತ್ರ ಈ ಲೆಕ್ಕವನ್ನು ತಿಳಿಯದೆ ಇರುವಂತಿಲ್ಲ. ಏಕೆಂದರೆ ಕಳೆದುಹೋಗುವುದು ಅವರ ಬೆಟ್ಟ.

ಬೆಳೆಯದೆ ಬಳಸಿದ ಬಣ್ಣ ಸಹಜ ಬಣ್ಣವಲ್ಲ. ಅದು ಹೊಸ ಹೆಸರಿನ ಹಳೆಯ ಲೂಟಿ. ಸಸ್ಯದ ಬಣ್ಣಕ್ಕೆ ಗೌರವದ ಸ್ಥಾನವೊಂದಿದ್ದರೆ ಅದು ಮನೆಯ ಹಿತ್ತಿಲು. ಅಲ್ಲಿ ಬೆಳೆದದ್ದು, ಅಲ್ಲಿ ಉದುರಿದ್ದು, ಅಡಿಗೆಮನೆಯಲ್ಲಿ ಮಿಕ್ಕದ್ದು ಇಷ್ಟರಿಂದಲೇ ಮಲೆನಾಡಿನ ಒಂದು ಸಂಸಾರಕ್ಕೆ ಬೇಕಾದ ಬಣ್ಣದ ದೊಡ್ಡ ಪಾಲು ದೊರೆಯಬಲ್ಲದು. ‘ಹಿತ್ತಲ ಗಿಡ ಮದ್ದಲ್ಲ’ ಎಂದು ಹಂಗಿಸುವ ಗಾದೆಯನ್ನು ಬಣ್ಣದ ವಿಷಯದಲ್ಲಿಯಾದರೂ ಸುಳ್ಳು ಮಾಡಬೇಕಾಗಿದೆ.

ಕಾಡು ಬಣ್ಣದ ಗೋದಾಮಲ್ಲ

ಕಾಡಿನ ಒಂದು ಉತ್ಪನ್ನಕ್ಕೆ ದೂರದ ಪೇಟೆಯಲ್ಲಿ ಇದ್ದಕ್ಕಿದ್ದಂತೆ ಬೆಲೆ ಬಂದರೆ ಏನಾಗುತ್ತದೆ ಎಂಬುದನ್ನು ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳು ಉಪ್ಪಾಗೆಯಿಂದ ಕಲಿತಿವೆ. ತಲೆಮಾರುಗಳಿಂದ ಮೀನಿನ ಸಾರಿಗೆ ಹುಳಿಯಾಗಿ, ಬೀಜ ತುಪ್ಪವಾಗಿ ಬಳಕೆಯಲ್ಲಿದ್ದ ಉಪ್ಪಾಗೆಯ ಸಿಪ್ಪೆಗೆ 1990ರ ದಶಕದಲ್ಲಿ ವಿದೇಶದ ಬೊಜ್ಜು ಕರಗಿಸುವ ಗುಳಿಗೆಗಳಿಂದಾಗಿ ಬೇಡಿಕೆ ಬಂತು. ಹಣ್ಣಾಗಿ ಉದುರುವವರೆಗೆ ಕಾಯುವ ವ್ಯವಧಾನ ಯಾರಿಗೂ ಉಳಿಯಲಿಲ್ಲ. ಕಾಯಿಯಿದ್ದಾಗಲೇ ಕೊಯ್ದರು, ಕೈಗೆ ಎಟುಕದ ಕೊಂಬೆಗಳನ್ನು ಕಡಿದು ಕೆಡವಿದರು, ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಬೆಟ್ಟದ ಸೌದೆಯನ್ನು ರಾಶಿರಾಶಿಯಾಗಿ ಉರಿಸಿದರು. ಬೆಲೆ ಇಳಿದಾಗ ಕೊಳ್ಳುವವರು ಹೊರಟುಹೋದರು. ಮುರಿದ ಮರಗಳು ಊರಿನಲ್ಲಿಯೇ ಉಳಿದವು.

ಬಣ್ಣದ ಸಸ್ಯಗಳಲ್ಲಿ ಮರದರಿಶಿನದ ಕಥೆ ಇನ್ನೂ ದಾರುಣವಾದದ್ದು. ನಿತ್ಯಹರಿದ್ವರ್ಣದ ಕಾಡಿನಲ್ಲಿ ಮರಗಳನ್ನು ತಬ್ಬಿ ಏರುವ ಈ ದಪ್ಪ ಬಳ್ಳಿಯ ಕಾಂಡವನ್ನು ಕಡಿದರೆ ಒಳಗೆಲ್ಲ ಹಳದಿ. ಔಷಧಿಗೂ ಬಣ್ಣಕ್ಕೂ ಬೇಕಾದ ಬರ್ಬೆರಿನ್ ಎಂಬ ಅಂಶ ಅದರಲ್ಲಿದೆ. ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಹೂ ಬಿಡುವ ಪ್ರಾಯಕ್ಕೆ ಬರಲು ಹತ್ತು ಹದಿನೈದು ವರ್ಷಗಳು ಬೇಕು. ಇಂಥ ಬಳ್ಳಿಯನ್ನು ಬುಡಸಮೇತ ಕಡಿದು ಚೀಲಕ್ಕೆ ತುಂಬಿದರೆ ಹೋಗುವುದು ಒಂದು ಬಳ್ಳಿ ಮಾತ್ರವಲ್ಲ. ಹತ್ತಿರದಲ್ಲಿ ಜೋಡಿಯಿಲ್ಲದೆ ಉಳಿದ ಇನ್ನೊಂದು ಬಳ್ಳಿಯ ಸಂತತಿಯೂ ನಿಂತುಹೋಗುತ್ತದೆ. ದಕ್ಷಿಣ ಭಾರತದ ತೀವ್ರ ಅಪಾಯದಲ್ಲಿರುವ ಸಸ್ಯಗಳ ಪಟ್ಟಿಯಲ್ಲಿ ಮರದರಿಶಿನ ಸೇರಿದೆ. ಕಾಡಿನಿಂದ ತಂದ ಮರದರಿಶಿನದ ರಫ್ತಿಗೆ ಕೇಂದ್ರ ಸರ್ಕಾರ 1990ರ ದಶಕದಲ್ಲಿಯೇ ತಡೆ ಹಾಕಿತು. ಕಾನೂನು ಬಂದರಿನಲ್ಲಿ ತಡೆಯಬಹುದು, ಆದರೆ ಬೆಟ್ಟದ ನೆತ್ತಿಯಲ್ಲಿ ಕತ್ತಿ ಎತ್ತಿದ ಕೈಯನ್ನು ಊರೇ ತಡೆಯಬೇಕು.

ಮಂಜಿಷ್ಠದ್ದೂ ಇದೇ ಹಾಡು. ಕೆಂಪು ಬಣ್ಣ ಅದರ ಬೇರಿನಲ್ಲಿದೆ. ಬೇರು ಅಗೆದ ಮೇಲೆ ಬಳ್ಳಿ ಎಲ್ಲಿಯದು? ತೊಗಟೆಯ ಬಣ್ಣಗಳ ವಿಷಯದಲ್ಲಿಯೂ ಶಾಲೆಯ ಮಕ್ಕಳಿಗೆ ತಿಳಿದಿರುವ ಒಂದು ಪಾಠವನ್ನು ವ್ಯಾಪಾರ ಮರೆಸುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಸುತ್ತಲೂ ತೊಗಟೆ ಸುಲಿದ ಮರ ಮರುದಿನವೇ ಸಾಯುವುದಿಲ್ಲ. ಒಂದೆರಡು ವರ್ಷ ಹಸಿರಾಗಿಯೇ ನಿಂತು, ಬೇರು ಹಸಿದು, ಆಮೇಲೆ ಒಣಗುತ್ತದೆ. ಅಷ್ಟರಲ್ಲಿ ತೊಗಟೆ ಒಯ್ದವನ ಮುಖವೂ ಊರಿಗೆ ಮರೆತಿರುತ್ತದೆ.

ರಾಸಾಯನಿಕ ಬಣ್ಣದ ಸಾಲ

ಇಷ್ಟು ಹೇಳಿದೊಡನೆ ರಾಸಾಯನಿಕ ಬಣ್ಣದ ವಕೀಲರು ಎದ್ದು ನಿಲ್ಲುತ್ತಾರೆ. ‘ಹಾಗಾದರೆ ಕಾರ್ಖಾನೆಯ ಬಣ್ಣವೇ ಕಾಡನ್ನು ಉಳಿಸಿದೆಯಲ್ಲ’ ಎಂಬುದು ಅವರ ವಾದ. ಈ ವಾದದಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ಅವರು ಹೇಳುವುದಿಲ್ಲ.

1856ರಲ್ಲಿ ಲಂಡನ್ನಿನಲ್ಲಿ ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ ಮಲೇರಿಯಾಕ್ಕೆ ಬೇಕಾದ ಕ್ವಿನೈನನ್ನು ಕೃತಕವಾಗಿ ತಯಾರಿಸಲು ಹೊರಟು, ಕಲ್ಲಿದ್ದಲ ಡಾಂಬರಿನ ಅಂಶದಿಂದ ನೇರಳೆ ಬಣ್ಣವೊಂದನ್ನು ಪಡೆದ. 1868ರಲ್ಲಿ ಮಂಜಿಷ್ಠದ ಜಾತಿಯ ಬೇರಿನ ಕೆಂಪನ್ನು ಜರ್ಮನಿಯ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ತಯಾರಿಸಿದರು. 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂತು. ಒಂದು ಶತಮಾನ ಕಳೆಯುವುದರೊಳಗೆ ಬಣ್ಣವೆಂದರೆ ಕಾರ್ಖಾನೆಯ ಪುಡಿ ಎಂಬಂತಾಯಿತು. ಅದು ಅಗ್ಗ, ಎದ್ದು ಕಾಣುವಂಥದ್ದು, ಪ್ರತಿ ಸಲವೂ ಒಂದೇ ಛಾಯೆಯದು. ಆದರೆ ಅದರ ಬೆಲೆಯನ್ನು ಕೊಟ್ಟವರು ಬಟ್ಟೆ ತೊಟ್ಟವರಲ್ಲ.

ತಮಿಳುನಾಡಿನ ತಿರುಪ್ಪೂರಿನ ಬನಿಯನ್ ಉದ್ಯಮದ ಬಣ್ಣದ ನೀರು ದಶಕಗಳ ಕಾಲ ನೊಯ್ಯಲ್ ನದಿಗೆ ಹರಿಯಿತು. ಕೃಷಿಗೆ ನೀರುಣಿಸಲೆಂದು 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ಹೊಲಸು ನಿಲ್ಲುವ ತೊಟ್ಟಿಯಾಯಿತು. ಕೆಳಗಿನ ರೈತರು ‘ನಮಗೆ ಈ ನೀರು ಬೇಡ’ ಎಂದು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ನೀರಿಗಾಗಿ ಕಟ್ಟಿದ ಅಣೆಕಟ್ಟಿನ ನೀರನ್ನೇ ರೈತ ಬೇಡವೆನ್ನುವ ಸ್ಥಿತಿಗೆ ಬೇರೆ ಸಾಕ್ಷಿ ಬೇಕೆ? 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಅಲ್ಲಿನ ನೂರಾರು ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಬೇಕಾಯಿತು.

ಕ್ಯಾನ್ಸರಿಗೆ ಕಾರಣವಾಗಬಲ್ಲ ಅಂಶಗಳನ್ನು ಬಿಡುಗಡೆ ಮಾಡುವ ಅಜೋ ಬಣ್ಣಗಳ ಮೇಲೆ ಭಾರತ 1997ರಲ್ಲಿ ನಿಷೇಧ ಹೇರಿತು. ಅದಕ್ಕೂ ಮೊದಲು, 1990ರ ದಶಕದ ನಡುವಿನಲ್ಲಿ, ಜರ್ಮನಿ ಅಂಥ ಬಣ್ಣದ ಬಟ್ಟೆಗಳನ್ನು ಬೇಡವೆಂದಿತ್ತು. ಕೊಳ್ಳುವವನ ಚರ್ಮಕ್ಕೆ ಅಪಾಯವೆಂದಾಗ ಎಚ್ಚರ ಮೂಡಿತೇ ಹೊರತು, ಬಣ್ಣದ ತೊಟ್ಟಿಯಲ್ಲಿ ಮೊಣಕೈವರೆಗೆ ಕೈ ಅದ್ದಿ ದುಡಿದವನ ಚರ್ಮಕ್ಕಾಗಿ ಅಲ್ಲ. ಇನ್ನು ಬಟ್ಟೆಯ ಮಾತು ಬಿಟ್ಟರೂ ತಿನ್ನುವ ತಿಂಡಿಯಿದೆ. ಜಾತ್ರೆಯ ಬೊಂಬಾಯಿ ಮಿಠಾಯಿಯಲ್ಲಿ, ಗೋಬಿ ಮಂಚೂರಿಯಲ್ಲಿ ರೋಡಮಿನ್-ಬಿ ಮೊದಲಾದ ಕೃತಕ ಬಣ್ಣ ಬಳಸುವುದನ್ನು ಕರ್ನಾಟಕ ಸರ್ಕಾರ ನಿಷೇಧಿಸಿದ್ದು 2024ರ ಮಾರ್ಚಿನಲ್ಲಿ. ಅಲ್ಲಿಯವರೆಗೆ ಮಲೆನಾಡಿನ ಜಾತ್ರೆಗಳಲ್ಲಿಯೂ ಮಕ್ಕಳು ಅದನ್ನು ನಾಲಿಗೆ ಕೆಂಪಾಗುವಂತೆ ಚಪ್ಪರಿಸಿದ್ದಾರೆ.

ಲೆಕ್ಕ ತಪ್ಪಿದ ಪರಿಹಾರ

ಹಾಗೆಂದು ಜಗತ್ತಿನ ಬಟ್ಟೆಗೆಲ್ಲ ಸಸ್ಯದ ಬಣ್ಣ ಹಾಕಿದರೆ ಸಮಸ್ಯೆ ಮುಗಿಯುವುದೇ? ಪರಿಸರದ ಹೆಸರಿನಲ್ಲಿ ಈ ಮಾತನ್ನು ಆಡುವವರೂ ಇದ್ದಾರೆ. ಅವರು ಕಾಗದ ಪೆನ್ನು ಹಿಡಿದು ಒಮ್ಮೆ ಗುಣಿಸಿ ನೋಡಬೇಕು. 2023ರಲ್ಲಿ ಜಗತ್ತು ತಯಾರಿಸಿದ ನೂಲಿನ ಎಳೆ 12 ಕೋಟಿ ಟನ್ನಿಗೂ ಹೆಚ್ಚು. ಒಂದು ಕಿಲೋ ಬಟ್ಟೆಗೆ ಕನಿಷ್ಠ ಅರ್ಧ ಕಿಲೋ ಒಣ ಹೂವು, ಸಿಪ್ಪೆ, ಚಕ್ಕೆ ಎಂದು ಇಟ್ಟುಕೊಂಡರೂ ವರ್ಷಕ್ಕೆ 6 ಕೋಟಿ ಟನ್ ಸಸ್ಯದ್ರವ್ಯ ಬೇಕು. ಇದನ್ನು ಯಾವ ಗದ್ದೆ ಕೊಡುತ್ತದೆ? ಯಾವ ಬೆಟ್ಟ ತಾಳಿಕೊಳ್ಳುತ್ತದೆ? ವರ್ಷಕ್ಕೆ ಹತ್ತು ಜೊತೆ ಬಟ್ಟೆ ಕೊಂಡು ಎರಡು ಸಲ ತೊಟ್ಟು ಎಸೆಯುವ ಕೊಳ್ಳುಬಾಕತನಕ್ಕೆ ಸಸ್ಯದ ಬಣ್ಣ ಹಚ್ಚಿದರೆ ಕೊಳ್ಳುಬಾಕತನ ಪವಿತ್ರವಾಗುವುದಿಲ್ಲ. ಕಾಡು ಮಾತ್ರ ಮುಗಿಯುತ್ತದೆ.

ಆದ್ದರಿಂದ ಸಸ್ಯದ ಬಣ್ಣದ ಪ್ರಶ್ನೆ ಮೂಲತಃ ‘ಎಷ್ಟು’ ಎಂಬ ಪ್ರಶ್ನೆ. ಸ್ವಂತ ಹಿತ್ತಿಲಿನಿಂದ ಬಣ್ಣ ತೆಗೆಯುವ ಮನೆಗೆ ಮಿತಿ ತಾನಾಗಿಯೇ ಅರ್ಥವಾಗುತ್ತದೆ. ಈ ವರ್ಷ ಎಷ್ಟು ಹೂ ಬಿಟ್ಟಿತೋ ಅಷ್ಟೇ ಬಣ್ಣ, ಅಷ್ಟೇ ಬಟ್ಟೆ. ಈ ಮಿತಿಯೇ ಹಿತ್ತಿಲು ಕಲಿಸುವ ಮೊದಲ ಪಾಠ. ಕಾರ್ಖಾನೆಗೆ ಇದು ಎಂದಿಗೂ ಅರ್ಥವಾಗುವುದಿಲ್ಲ.

ನೀಲಿ ಕಲಿಸಿದ ಪಾಠ

ಸಸ್ಯದ ಬಣ್ಣ ಎಂದಮಾತ್ರಕ್ಕೆ ಅದು ನಿರ್ದೋಷಿಯಲ್ಲ ಎಂಬುದಕ್ಕೆ ಇತಿಹಾಸವೇ ಸಾಕ್ಷಿ. ಬಂಗಾಳದ ರೈತರು 1859–60ರಲ್ಲಿ ನೀಲಿ ಬಿತ್ತುವುದಿಲ್ಲವೆಂದು ಬಂಡೆದ್ದರು. ಬಿಹಾರದ ಚಂಪಾರಣ್ಯದಲ್ಲಿ ಇಪ್ಪತ್ತು ಕಠ್ಠಾ ಭೂಮಿಯಲ್ಲಿ ಮೂರು ಕಠ್ಠಾವನ್ನು ನೀಲಿಗೆ ಮೀಸಲಿಡಬೇಕೆಂಬ ‘ತೀನ್ ಕಠಿಯಾ’ ಕಟ್ಟಳೆ ರೈತನ ಕುತ್ತಿಗೆಗೆ ಬಿಗಿದಿತ್ತು. 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋದರು. 1918ರ ಕಾಯ್ದೆ ಆ ಕಟ್ಟಳೆಯನ್ನು ತೆಗೆದುಹಾಕಿತು. ಅಲ್ಲಿ ಬೆಳೆದ ನೀಲಿ ಪೂರ್ಣವಾಗಿ ಸಹಜ, ಪೂರ್ಣವಾಗಿ ಸಸ್ಯಜನ್ಯ. ಆದರೂ ಅದು ರೈತನ ಅನ್ನವನ್ನು ಕಸಿದಿತ್ತು. ದೋಷ ಗಿಡದಲ್ಲಿರಲಿಲ್ಲ. ಯಾರ ಭೂಮಿಯಲ್ಲಿ, ಯಾರ ಇಚ್ಛೆಗೆ, ಯಾರು ಹೇಳಿದ ಬೆಲೆಗೆ ಬೆಳೆಯಬೇಕು ಎಂಬಲ್ಲಿ ದೋಷವಿತ್ತು.

ಇಂದು ಬಯಲುಸೀಮೆಯ ಹೊಲಗಳಲ್ಲಿ ಚೆಂಡುಹೂವನ್ನು ಗುತ್ತಿಗೆಯ ಮೇಲೆ ಬೆಳೆಸಲಾಗುತ್ತಿದೆ. ಅದರ ಹಳದಿ ಸಾರ ಕೋಳಿಯ ಮೇವಿಗೆ, ಮೊಟ್ಟೆಯ ಭಂಡಾರದ ಬಣ್ಣಕ್ಕೆ ಹೋಗುತ್ತದೆ. ನಾಳೆ ಬಣ್ಣದ ಬೆಳೆಯ ಗುತ್ತಿಗೆ ಪತ್ರ ಹಿಡಿದು ಯಾರಾದರೂ ಘಟ್ಟ ಹತ್ತಿದರೆ ಚಂಪಾರಣ್ಯವನ್ನು ನೆನೆಯಬೇಕು. ಭತ್ತದ ಗದ್ದೆಯನ್ನು ಬಣ್ಣಕ್ಕೆ ಬಿಟ್ಟುಕೊಡುವುದು ಒಂದು ಮಾತು, ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ಮನೆಯ ಬಳಕೆಗೆ ಇಪ್ಪತ್ತು ಗಿಡ ಹಚ್ಚುವುದು ಇನ್ನೊಂದು. ಮೊದಲನೆಯದು ಪರಾಧೀನತೆ, ಎರಡನೆಯದು ಸ್ವಾವಲಂಬನೆ.

ಹಿತ್ತಿಲಲ್ಲಿ ಈಗಾಗಲೇ ಇರುವ ಬಣ್ಣ

ಮಲೆನಾಡಿನ ಹಿತ್ತಿಲು ಬಡವಾದುದಲ್ಲ. ಬಣ್ಣದ ದೃಷ್ಟಿಯಿಂದ ನೋಡುವ ಕಣ್ಣು ಮಾತ್ರ ಬೇಕು.

ಮೊದಲನೆಯದು ಅಡಿಕೆಯ ಚೊಗರು. ಕೆಂಪಡಿಕೆ ಮಾಡುವ ಮನೆಗಳಲ್ಲಿ ಹಸಿ ಅಡಿಕೆ ಬೇಯಿಸಿದ ನೀರು ಹಂಡೆಯಲ್ಲಿ ಗಟ್ಟಿಯಾಗುತ್ತ ಬರುವ ಈ ಕಂದುಗೆಂಪಿನ ರಸ ಉಟ್ಟ ಬಟ್ಟೆಗೆ ತಾಗಿದರೆ ಹೋಗುವುದಿಲ್ಲವೆಂದು ಮನೆಯ ಹೆಂಗಸರು ಬೈದುಕೊಳ್ಳುವುದನ್ನು ಕೇಳದವರಿಲ್ಲ. ಹೋಗದಿರುವುದೇ ಅದರ ಗುಣ! ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ ಚರಕ ಮಹಿಳಾ ಸಹಕಾರ ಸಂಘ ಇದೇ ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟಿ ತೋರಿಸಿತು. ಚೊಗರಿನ ಒಗರು ನೂಲಿಗೆ ಅಂಟಿಕೊಳ್ಳುತ್ತದೆ. ತುಕ್ಕು ಕಬ್ಬಿಣದ ನೀರು ಸೇರಿಸಿದರೆ ಅದೇ ಬಣ್ಣ ಬೂದುಗಪ್ಪಿಗೆ ತಿರುಗುತ್ತದೆ. ಒಂದು ಮರವನ್ನೂ ಕಡಿಯದೆ, ಒಂದು ತೊಗಟೆಯನ್ನೂ ಸುಲಿಯದೆ ದೊರೆಯುವ ಬಣ್ಣವಿದು.

ಎರಡನೆಯದು ಗೊಂಡೆ ಹೂವು. ಆಯುಧಪೂಜೆ, ದೀಪಾವಳಿಗಳಿಗೆ ಮಾಲೆಯಾಗಿ ಮರುದಿನ ತಿಪ್ಪೆಗೆ ಬೀಳುವ ಹೂವನ್ನು ಬಿಡಿಸಿ ನೆರಳಿನಲ್ಲಿ ಒಣಗಿಸಿಟ್ಟರೆ ವರ್ಷವಿಡೀ ಹಳದಿಗೆ ಸಾಕು. ಅರ್ಧ ಕಿಲೋ ತೂಗುವ ಹತ್ತಿಯ ಸೀರೆಗೆ ಕಾಲು ಕಿಲೋ ಒಣ ಎಸಳು ಬೇಕಾಗುತ್ತದೆ. ಹಸಿ ಹೂವಿನಲ್ಲಿ ಹೇಳುವುದಾದರೆ ಎರಡು ಎರಡೂವರೆ ಕಿಲೋ. ಅರಿಶಿನವೂ ಹಳದಿಯನ್ನೇ ಕೊಡುತ್ತದೆ, ಆದರೆ ಬಿಸಿಲಿಗೆ ಬೇಗ ಬಿಳುಚಿಕೊಳ್ಳುತ್ತದೆ. ಅರಿಶಿನ ಕುಂಕುಮಕ್ಕೆ ಇರಲಿ, ಬಟ್ಟೆಗೆ ಗೊಂಡೆ ಬರಲಿ.

ಮೂರನೆಯದು ಅಡಿಗೆಮನೆಯ ಕಸ. ಈರುಳ್ಳಿಯ ಒಣಸಿಪ್ಪೆ ಹೊಂಬಣ್ಣವನ್ನು, ದಾಳಿಂಬೆ ಸಿಪ್ಪೆ ಹಳದಿಯನ್ನೂ ಬಣ್ಣ ಹಿಡಿಸುವ ಒಗರನ್ನೂ ಕೊಡುತ್ತವೆ. ಮಾವಿನ ಸವರಿದ ರೆಂಬೆಯ ಎಲೆ, ಪೇರಲೆಯ ಎಲೆ, ಹಲಸಿನ ಮರಗೆಲಸದಲ್ಲಿ ಉಳಿದ ಹೊಟ್ಟು ಇವೆಲ್ಲವೂ ಬಣ್ಣವೇ. ಬೌದ್ಧ ಭಿಕ್ಷುಗಳ ಚೀವರಕ್ಕೆ ಹಲಸಿನ ಕೆಚ್ಚಿನ ಹಳದಿ ಬಳಕೆಯಾಗಿದೆ.

ಇನ್ನು ಹೊಸದಾಗಿ ನೆಡಬೇಕಾದವು. ಬೇಲಿಯಲ್ಲಿ ರಂಗುಮಾಲೆ ಮತ್ತು ಸಪ್ಪಂಗ. ರಂಗುಮಾಲೆ ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಗಿಡ, ಆದರೆ ಇಲ್ಲಿನ ಮಣ್ಣಿಗೆ ಒಗ್ಗಿದೆ. ಮೂರನೆಯ ವರ್ಷದ ಹೊತ್ತಿಗೆ ಮುಳ್ಳುಮುಳ್ಳಾದ ಕಾಯಿಯೊಳಗೆ ಕಿತ್ತಳೆಗೆಂಪಿನ ಬೀಜ ಬರುತ್ತದೆ. ಬಟ್ಟೆಗೂ ಆಗುತ್ತದೆ, ಅಡಿಗೆಗೂ ಆಗುತ್ತದೆ. ಮಿಠಾಯಿಗೆ ಬಣ್ಣ ಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಸಪ್ಪಂಗದ ಕೆಂಪು ಕೆಚ್ಚಿಗೆ ಆರೇಳು ವರ್ಷ ಕಾಯಬೇಕು, ಅಲ್ಲಿಯವರೆಗೆ ಅದರ ಮುಳ್ಳು ಬೇಲಿ ಕಾಯುತ್ತದೆ. ಕಡಿದ ಬುಡ ಮತ್ತೆ ಚಿಗುರುತ್ತದೆ. ಮಂಜಿಷ್ಠವನ್ನು ಕಾಡಿನಿಂದ ಅಗೆಯುವ ಬದಲು ಬಳ್ಳಿಯ ತುಂಡನ್ನು ತಂದು ಅರೆನೆರಳಿನಲ್ಲಿ ಊರಿದರೆ ಬೇರುಬಿಡುತ್ತದೆ. ಮೂರು ವರ್ಷದ ಮೇಲೆ ಬೇರು ತೆಗೆಯುವಾಗ ತುದಿಗಳನ್ನು ಮತ್ತೆ ನೆಟ್ಟರಾಯಿತು.

ನೀಲಿಗಿಡಕ್ಕೆ ಮಲೆನಾಡಿನ ಆಷಾಢ ಶ್ರಾವಣದ ಮಳೆ ಹಿಡಿಸದು. ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಮಳೆ ಹಿಂದೆ ಸರಿದ ಮೇಲೆ ಬಿಸಿಲು ಬೀಳುವ ಏರುಮಡಿಯಲ್ಲಿ ಬಿತ್ತಬೇಕು. ದ್ವಿದಳ ಜಾತಿಯ ಗಿಡವಾದ್ದರಿಂದ ಮಣ್ಣಿಗೆ ಸಾರಜನಕವನ್ನು ಕೊಟ್ಟೇ ಹೋಗುತ್ತದೆ, ಬಣ್ಣ ತೆಗೆದ ಸೊಪ್ಪು ಗೊಬ್ಬರವಾಗುತ್ತದೆ. ಸೊಪ್ಪನ್ನು ನೀರಿನಲ್ಲಿ ನೆನೆಹಾಕಿ, ಆ ನೀರನ್ನು ಮೊಸರು ಕಡೆದಂತೆ ಕಡೆದರೆ ಗಾಳಿ ಸೇರಿ ನೀಲಿ ಕೆಳಗಿಳಿಯುತ್ತದೆ. ಒಂದು ಕಿಲೋ ನೀಲಿಯುಂಡೆಗೆ ಇನ್ನೂರು ಕಿಲೋಗೂ ಮೀರಿ ಹಸಿಸೊಪ್ಪು ಬೇಕು. ಒಂದು ಸೀರೆಗೆ ಸುಮಾರು ಐದಾರು ಕಿಲೋ ಸೊಪ್ಪು ಎಂದಾಯಿತು. ನೀಲಿಯ ಹಂಡೆಯನ್ನು ಹುದುಗೆಬ್ಬಿಸಲು ದಕ್ಷಿಣದ ಬಣ್ಣಗಾರರು ಸುಣ್ಣದ ಜೊತೆ ಬಳಸುತ್ತಿದ್ದುದು ಬೇಯಿಸಿದ ತಗಚೆ ಬೀಜವನ್ನು. ಮಲೆನಾಡಿನ ರಸ್ತೆಯ ಬದಿಯಲ್ಲಿ ಯಾರೂ ಕೇಳದೆ ಬೆಳೆಯುವ ತಗಚೆಗೂ ಒಂದು ವಿದ್ಯೆ ಇತ್ತೆಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು.

ಒಂದು ಎಚ್ಚರಿಕೆಯೂ ಅಗತ್ಯ. ಬಸಳೆಯ ಹಣ್ಣು, ಬೀಟ್‌ರೂಟು, ದಾಸವಾಳ, ಶಂಖಪುಷ್ಪ ಇವು ನೀರಿಗೆ ಹಾಕಿದೊಡನೆ ಕಣ್ಣು ತುಂಬುವ ಬಣ್ಣ ಬಿಡುತ್ತವೆ. ಬಟ್ಟೆಯ ಮೇಲೆ ನಿಲ್ಲುವುದಿಲ್ಲ. ನಾಲ್ಕು ಒಗೆತಕ್ಕೆ ಓಡಿಹೋಗುವ ಬಣ್ಣವನ್ನು ತೋರಿಸಿ ಸಹಜ ಬಣ್ಣವೆಂದು ಸಾರುವ ಪ್ರದರ್ಶನಗಳಿಂದ ಸಸ್ಯದ ಬಣ್ಣಕ್ಕೇ ಕೆಟ್ಟ ಹೆಸರು ಬಂದಿದೆ. ಇಂಥವು ಹೋಳಿಯ ಆಟಕ್ಕೆ, ಪಾನಕಕ್ಕೆ ಮೀಸಲಾಗಲಿ.

ಲವಣ, ಸೌದೆ, ನೀರು

ಗಿಡ ಹಿತ್ತಿಲಿನದಾದರೆ ಸಾಲದು, ಹಂಡೆಯೂ ಶುದ್ಧವಾಗಿರಬೇಕು. ಹೆಚ್ಚಿನ ಸಸ್ಯದ ಬಣ್ಣಗಳು ಹತ್ತಿಯ ಮೇಲೆ ನಿಲ್ಲಬೇಕಾದರೆ ಲೋಹದ ಲವಣವೊಂದರ ಆಸರೆ ಬೇಕು. ಇಲ್ಲಿಯೇ ಮೋಸ ನಡೆಯುವುದು. ಛಾಯೆ ಗಾಢವಾಗಲೆಂದು ಕ್ರೋಮಿಯಂ ಲವಣವನ್ನು ಹಾಕಿ, ಆ ವಿಷದ ನೀರನ್ನು ಹಳ್ಳಕ್ಕೆ ಚೆಲ್ಲಿ, ಬಟ್ಟೆಗೆ ‘ಸಹಜ’ ಎಂಬ ಚೀಟಿ ಅಂಟಿಸಿದರೆ ಅದು ನೊಯ್ಯಲ್ಲಿನ ಚಿಕ್ಕ ತಂಗಿಯಲ್ಲದೆ ಮತ್ತೇನು? ಮೈಲುತುತ್ತವೂ ಬೇಡ. ಕೊಳೆರೋಗಕ್ಕೆಂದು ಬೋರ್ಡೋ ದ್ರಾವಣದ ರೂಪದಲ್ಲಿ ವರ್ಷವರ್ಷವೂ ತೋಟಕ್ಕೆ ಬೀಳುವ ತಾಮ್ರವೇ ಸಾಕಷ್ಟಿದೆ.

ಪಟಿಕ ಮತ್ತು ಕಬ್ಬಿಣ ಇವೆರಡೇ ಮನೆಗೆ ಸಾಕು. ಬಟ್ಟೆಯನ್ನು ಅಂಟುವಾಳದಲ್ಲಿ ಒಗೆದು ಗಂಜಿ ಬಿಡಿಸಿ, ಕೆಳಗೆ ಬಿದ್ದ ಅಳಲೆಕಾಯಿಯ ನೀರಿನಲ್ಲಿ ಅಥವಾ ತೆಳು ಚೊಗರಿನಲ್ಲಿ ಅದ್ದಿ ಒಣಗಿಸಬೇಕು. ಬಳಿಕ ಕಿಲೋ ಬಟ್ಟೆಗೆ ನೂರರಿಂದ ನೂರೈವತ್ತು ಗ್ರಾಂ ಪಟಿಕ ಕರಗಿಸಿದ ನೀರಿನಲ್ಲಿ ನೆನೆಸಿ, ಹೂವಿನ ಕಷಾಯದಲ್ಲಿ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಕಾಯಿಸಿ, ನೆರಳಿನಲ್ಲಿ ಒಣಗಿಸಿದರೆ ಕೆಲಸ ಮುಗಿಯಿತು. ಲೋಧ್ರದ ಜಾತಿಯ ಮರಗಳು ಮಣ್ಣಿನ ಅಲ್ಯೂಮಿನಿಯಮ್ಮನ್ನು ಎಲೆಯಲ್ಲಿ ಕೂಡಿಡುತ್ತವೆ. ಇಂಡೊನೇಶ್ಯಾದ ನೇಕಾರ ಹೆಂಗಸರು ಅಂಥ ಮರದ ಉದುರಿದ ಎಲೆಯನ್ನು ಪಟಿಕದ ಬದಲಿಗೆ ಬಳಸುತ್ತಾರೆ. ಅವರು ಆರಿಸುವುದು ಉದುರಿದ ಎಲೆಯನ್ನು, ಸುಲಿದ ತೊಗಟೆಯನ್ನಲ್ಲ ಎಂಬುದನ್ನು ಮರೆಯಬಾರದು.

ಸೌದೆಯ ಲೆಕ್ಕವನ್ನೂ ಮುಚ್ಚಿಡಬಾರದು. ಒಂದು ಸೀರೆಗಾಗಿ ಎರಡು ಹೊರೆ ಸೌದೆ ಉರಿಸಿದರೆ ಬಣ್ಣ ಹಿತ್ತಿಲಿನದಾದರೂ ಬೆಂಕಿ ಬೆಟ್ಟದ್ದಾಯಿತು. ಅಡಿಕೆ ಬೇಯಿಸುವ ಒಲೆಯ ಉಳಿದ ಕೆಂಡ, ಬಚ್ಚಲೊಲೆಯ ಬಿಸಿ, ಚೈತ್ರ ವೈಶಾಖದ ಬಿಸಿಲಿನಲ್ಲಿಟ್ಟ ಕಪ್ಪು ಪಾತ್ರೆ ಇವುಗಳಿಂದಲೇ ಕೆಲಸ ಸಾಗಬೇಕು.

ಆಕ್ಷೇಪಗಳು

‘ಮಂಗ, ಕಾಡುಹಂದಿ, ನವಿಲುಗಳ ಕಾಟದಲ್ಲಿ ಹಿತ್ತಿಲೇ ಉಳಿದಿಲ್ಲ, ಬಣ್ಣದ ಗಿಡ ಎಲ್ಲಿಂದ?’ ಎಂಬುದು ನ್ಯಾಯವಾದ ದೂರು. ತರಕಾರಿ ಬೆಳೆಯುವುದನ್ನೇ ಬಿಟ್ಟ ಮನೆಗಳು ಎಷ್ಟೋ ಇವೆ. ಆದರೆ ಗೊಂಡೆ, ಅರಿಶಿನ, ರಂಗುಮಾಲೆ, ನೀಲಿ, ಮದರಂಗಿಗಳಲ್ಲಿ ಮಂಗನ ಬಾಯಿಗೆ ರುಚಿಸುವಂಥದ್ದು ಕಡಿಮೆ. ಪಾಳುಬಿದ್ದ ಹಿತ್ತಿಲಿಗೆ ಮತ್ತೆ ಕಾಲಿಡಲು ಇವು ಒಂದು ನೆಪವಾಗಬಲ್ಲವು.

‘ಇದರಿಂದ ದುಡ್ಡು ಬರುತ್ತದೆಯೇ?’ ಎಂದು ಕೇಳುವವರಿಗೆ ನೇರ ಉತ್ತರವನ್ನೇ ಕೊಡಬೇಕು. ದೊಡ್ಡ ದುಡ್ಡು ಬರುವುದಿಲ್ಲ. ಬರುತ್ತದೆಂದು ಹೇಳುವವರನ್ನು ನಂಬಬಾರದು. ಆದರೆ ಕುಂಕುಮ, ಗಣಪತಿಯ ಬಣ್ಣ, ಹೋಳಿಯ ಬಣ್ಣ, ತಿಂಡಿಯ ಬಣ್ಣ, ಉಡುವ ಒಂದೆರಡು ಬಟ್ಟೆಯ ಬಣ್ಣ ಇಷ್ಟಕ್ಕೆ ಪೇಟೆಗೆ ಹೋಗುವ ಹಣ ಮನೆಯಲ್ಲಿ ಉಳಿಯುತ್ತದೆ. ವಿಷದ ಬಣ್ಣ ಕೆರೆಗೆ ಬೀಳುವುದು ನಿಲ್ಲುತ್ತದೆ. ಪ್ಲಾಸ್ಟರ್ ಮೂರ್ತಿ ಮತ್ತು ರಾಸಾಯನಿಕ ಬಣ್ಣಗಳನ್ನು ಬಿಡಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೊರಡಿಸಿದ ಸೂಚನೆಯನ್ನು ಊರಿನ ಕೆರೆಯ ಮಟ್ಟಿಗೆ ಜಾರಿಗೆ ತರಲು ಪೊಲೀಸರು ಬೇಕಿಲ್ಲ, ಒಂದು ಮಡಿ ಅರಿಶಿನ, ಒಂದು ಸಾಲು ಗೊಂಡೆ ಸಾಕು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು. ‘ಹಿತ್ತಿಲಿದ್ದವರು ಬೆಳೆದುಕೊಂಡಾರು. ಭೂಮಿಯಿಲ್ಲದವರು ಕಾಡಿನ ಚಕ್ಕೆ ಬೇರು ಮಾರಿ ಅಕ್ಕಿ ತರುತ್ತಾರೆ. ಅವರ ಹೊಟ್ಟೆಯ ಮೇಲೆ ಹೊಡೆಯುವುದು ಪರಿಸರವಾದವೇ?’ ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವ ಚಳವಳಿ ಚಳವಳಿಯಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಒಡೆತನವನ್ನು ಅರಣ್ಯವಾಸಿಗಳಿಗೆ ಕೊಟ್ಟಿದೆ. ಆ ಹಕ್ಕು ಅವರದೇ. ಆದರೆ ತೊಗಟೆ ಸುಲಿಯುವ ಕೈಗೆ ಸಿಗುವುದು ಒಂದು ದಿನದ ಕೂಲಿ; ಚೀಟಿ ಅಂಟಿಸುವ ಕೈಗೆ ಸಿಗುವುದು ಸೀರೆಯ ಬೆಲೆ. ಮರ ಒಣಗಿದ ಮೇಲೆ ಕೂಲಿಯೂ ಇಲ್ಲ. ಅಳಲೆಯ ಉದುರಿದ ಕಾಯಿ, ಮುತ್ತುಗದ ಬಿದ್ದ ಹೂವು, ಕುಂಕುಮದ ಮರದ ಹಣ್ಣಿನ ಮೇಲಿನ ಕೆಂಪು ಪುಡಿ ಇವನ್ನು ಮರ ವರ್ಷವರ್ಷವೂ ಕೊಡುತ್ತದೆ. ಬೇರು, ತೊಗಟೆ, ಬಳ್ಳಿಯ ಕಾಂಡಗಳನ್ನು ಅದು ಒಂದೇ ಸಲ ಕೊಡುತ್ತದೆ. ಮೊದಲನೆಯ ಬಗೆಯನ್ನು ಆರಿಸಿ ತಂದವರಿಗೆ ನ್ಯಾಯವಾದ ಬೆಲೆ ಸಿಗುವಂತೆ ಊರು ನಿಲ್ಲಬೇಕು, ಎರಡನೆಯದನ್ನು ಕೊಳ್ಳಲು ಬಂದವರನ್ನು ಊರೇ ಹಿಂದಕ್ಕೆ ಕಳಿಸಬೇಕು. ಭೂಮಿಯಿಲ್ಲದವರಿಗಾಗಿ ಶಾಲೆಯ ಅಂಗಳ, ದೇವಸ್ಥಾನದ ಬಯಲು, ಪಂಚಾಯಿತಿಯ ಜಾಗಗಳಲ್ಲಿ ಬಣ್ಣದ ಗಿಡಗಳ ಮಡಿಗಳಾಗಬೇಕು. ಅವುಗಳ ಫಲದ ಮೊದಲ ಹಕ್ಕು ಅವರದಾಗಬೇಕು. ಇನ್ನು ತೊಗಟೆಯೇ ಬೇಕೆನ್ನುವವರಿಗೆ ಅಕೇಶಿಯಾ ಇದೆ. ಬೆಟ್ಟಗಳನ್ನು ಬೋಳುಮಾಡಿ ನೆಟ್ಟ ಆ ಮರಗಳನ್ನು ಹೇಗೂ ಕಡಿಯಲಾಗುತ್ತದೆ. ಅವುಗಳ ತೊಗಟೆಯಿಂದ ಕಂದು ಬಣ್ಣ ಬರುತ್ತದೆ. ಅದನ್ನು ಒಯ್ಯಲಿ, ಯಾರೂ ಅಡ್ಡ ಬರುವುದಿಲ್ಲ.

ಆಗಬೇಕಾದ ಕೆಲಸ

1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಳಾಸೆಯ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡಾಗ ಹುಟ್ಟಿದ ಚಳವಳಿ ಮಲೆನಾಡಿಗೆ ಮೂರು ಮಾತುಗಳನ್ನು ಕೊಟ್ಟಿತು: ಉಳಿಸು, ಬೆಳೆಸು, ಬಳಸು. ಈ ಮೂರರ ಕ್ರಮದಲ್ಲಿಯೇ ಅರ್ಥವಿದೆ. ಸಹಜ ಬಣ್ಣದ ವ್ಯಾಪಾರ ಮೂರನೆಯ ಮಾತನ್ನು ಮಾತ್ರ ಕಲಿತು, ಮೊದಲೆರಡನ್ನು ಚೀಟಿಯ ಮೇಲೆ ಅಚ್ಚುಹಾಕಿಸಿದೆ.

2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಸಸ್ಯಸಂಪತ್ತಿನ ದಾಖಲಾತಿ ನಡೆಯಬೇಕು. ಆ ದಾಖಲೆಯಲ್ಲಿ ಬಣ್ಣದ ಸಸ್ಯಗಳಿಗೊಂದು ಪುಟ ಇದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಬೇಕು. ಇಲ್ಲದಿದ್ದರೆ ಬರೆಯಿಸಬೇಕು. ಊರಿನ ಹಿರಿಯ ಹೆಂಗಸರಿಗೆ ತಿಳಿದಿರುವುದನ್ನು ವಿದ್ಯಾರ್ಥಿಗಳು ಕೇಳಿ ಬರೆದುಕೊಂಡರೆ ಅದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠವಿಲ್ಲ. ರಂಗುಮಾಲೆಯ ಬೀಜ, ಮಂಜಿಷ್ಠದ ತುಂಡು, ನೀಲಿಯ ಬೀಜ ಮನೆಯಿಂದ ಮನೆಗೆ ಕೈ ಬದಲಾಗಬೇಕು, ಮಾರಾಟಕ್ಕಲ್ಲ. ತೊಗಟ ಕೇಳಿಕೊಂಡು ಬರುವ ಪ್ರತಿಯೊಬ್ಬ ವ್ಯಾಪಾರಿಗೂ ಒಂದೇ ಪ್ರಶ್ನೆ ಹಾಕಬೇಕು: ‘ನೀವು ಎಷ್ಟು ಗಿಡ ನೆಟ್ಟಿದ್ದೀರಿ?’

ಈ ಮಳೆಗಾಲಕ್ಕೆ ಮೊದಲು ಬೇಲಿಯ ಬದಿಯಲ್ಲಿ ಎರಡು ರಂಗುಮಾಲೆಯ ಗುಂಡಿ ತೋಡಿದ ಮನೆ, ವೇದಿಕೆಯ ಮೇಲಿನ ಹತ್ತು ಭಾಷಣಗಳಿಗಿಂತ ಹೆಚ್ಚಿನ ಕೆಲಸ ಮಾಡಿದಂತೆ. ಮೂರು ವರ್ಷಕ್ಕೆ ಆ ಗಿಡ ಕಾಯಿ ಬಿಡುತ್ತದೆ. ಅದೇ ಮೂರು ವರ್ಷ ಕತ್ತಿ ತಾಗದೆ ಉಳಿದರೆ ಬೆಟ್ಟದ ಮರದರಿಶಿನ ಇನ್ನೊಂದು ಮರದ ಎತ್ತರಕ್ಕೆ ಏರಿರುತ್ತದೆ.